ಅಪ್ಪನ ಹದಿನೈದರ ಸ್ಪ್ಯಾನರ್

ತಮ್ಮಾ,

ಅಪ್ಪನ ತಿಂಡಿ ಆಗಿದೆ. ಮಾತ್ರೆ ಬೇಡ ಅಂತ ಹಟ ಹಿಡಿದಿದ್ದಾರೆ, ನೀನೇ ನುಂಗಿಸು.

ನೀನು ತಂದ ನಲವತ್ತು ಪೀಸಿನ ಸ್ಪ್ಯಾನರ್ ಸೆಟ್ಟನ್ನ ಕಪಾಟಿನ ಮೇಲಿಟ್ಟಿದ್ದೀನಿ. ಅಲ್ಲೇ ಬಿದ್ದಿರಲಿ. ಮೇಲೆ ಥಳುಕು, ಒಳಗೆ ಹುಳುಕು. ಸ್ಪ್ಯಾನರ್ ಕೊಳ್ಳೋವಾಗ ಡಬ್ಬಿ ನೋಡಬಾರದು ಕಣೋ. ಜೇಬಲ್ಲಿ ಒಂದು ನಟ್ ಒಯ್ದು, ಸ್ಪ್ಯಾನರ್ ಬಾಯಿಗೆ ಕೂರಿಸಿ, ಅಲ್ಲಾಡತ್ತಾ ಅಂತ ನೋಡಬೇಕು. ಅಪ್ಪ ತಮ್ಮ ಸೈಕಲ್ ರಿಪೇರಿ ಅಂಗಡಿಯಲ್ಲಿ ನಮಗೆ ನೂರು ಸಲ ಹೇಳಿಲ್ವಾ?

ನಾನು ದಿನಾ ಕೆಲಸಕ್ಕೆ ಹೊರಡೋ ಮುಂಚೆ ಹಳೇ ಸೈಕಲ್ಲಿನ ಹಿಂದಿನ ಚಕ್ರ ಸಡಿಲ ಮಾಡಿಟ್ಟು ಹೋಗ್ತಿದ್ದೆ. ಅಪ್ಪ ಇಡೀ ದಿನ ಅದನ್ನೇ ರಿಪೇರಿ ಮಾಡ್ತಾ ನೆಮ್ಮದಿಯಾಗಿರ್ತಿದ್ರು. ನಿನ್ನೆ ನಾನು ಸಡಿಲ ಮಾಡೋವಾಗ ನಿನ್ನ ಹೊಸ ಸ್ಪ್ಯಾನರ್ ಜಾರಿ, ನಟ್ಟಿನ ಮೂಲೆಯೆಲ್ಲ ಸವೆದು ಗುಂಡಗಾಯ್ತು. ಇನ್ನು ಬಿಚ್ಚೋಕೂ ಆಗಲ್ಲ, ಬಿಗಿಯೋಕೂ ಆಗಲ್ಲ.

ಬೇರೆ ನಟ್ ಸಿಗತ್ತೆ. ಆದರೆ ತುಕ್ಕು ಹಿಡಿದಿದೆ ಅಂತ ನೀನು ಗುಜರಿಗೆ ಹಾಕಿದ ಅಪ್ಪನ ಸ್ಪ್ಯಾನರ್‌ಗಳು ಸಿಗಲ್ಲ. ಗುಜರಿಯವನನ್ನ ಕೇಳಿ ಬಂದೆ, ಕರಗಿಸೋಕೆ ಹೋಗಿಬಿಟ್ಟಿವೆಯಂತೆ. ನಮ್ಮಿಬ್ಬರ ಮುಖ ಮರೆತ ಮೇಲೂ ಅಪ್ಪ ಹದಿನೈದರ ಸೈಜಿನ ಸ್ಪ್ಯಾನರನ್ನ ಕಣ್ಮುಚ್ಚಿ ತೆಗೀತಿದ್ರು. ಹೊಸದನ್ನ ಕೈಗಿಟ್ಟರೆ, "ಇದು ಯಾರದೋ, ವಾಪಸ್ ಕೊಟ್ಟು ಬಾ" ಅಂತಾರೆ.

ನಿನ್ನನ್ನ ಬೈಯೋಕೂ ನನ್ನಲ್ಲಿ ತ್ರಾಣ ಇಲ್ಲ. ಒಳ್ಳೇದಾಗಲಿ ಅಂತಲೇ ಹೊಸದನ್ನ ತಂದಿದ್ದೀಯ, ಗೊತ್ತು.

ದಿನಾ ನಾನು ಹೊರಡೋವಾಗ ಅಪ್ಪ ನನ್ನನ್ನ ಗಿರಾಕಿ ಅಂದ್ಕೊಂಡು, "ಸಂಜೆ ಬಾಮ್ಮ, ರೆಡಿ ಇರತ್ತೆ" ಅಂತಿದ್ರಲ್ಲ. ಇವತ್ತು ಬಾಗಿಲ ತನಕ ಬಂದು, "ಬೇರೆ ಅಂಗಡಿಗೆ ತಗೊಂಡ್ಹೋಗಮ್ಮ, ನಾನು ಮುಚ್ಚಿಬಿಟ್ಟೆ" ಅಂದ್ರು.

ಅಕ್ಕ