ನೀನು ಒಯ್ದ ಒಂಟಿ ಗಪ್ಪಿ

ಕಲಬುರಗಿ
ಮೇ ೨೦೦೯

ಕಮಲಾಪುರದ ಪುತಳಾಕ್ಕನಿಗೆ, ತಮ್ಮ ಅಮೋಘಪ್ಪನ ಶರಣು.

ಅಕ್ಕಾ, ನಮ್ಮ ಮನೆಯ ಗಾಜಿನ ತೊಟ್ಟಿ ಖಾಲಿಯಾಯಿತು. ಮೊನ್ನೆ ಕೊನೆಯ ಗಪ್ಪಿ ಮೀನೂ ಹೋಯಿತು. ಬಿಸಿಲು ಏರಿತು, ಉಸಿರು ಆರಿತು. ನಿನ್ನ ತಮ್ಮನಿಗೆ ದುಃಖದಲ್ಲೂ ಪ್ರಾಸ ತಪ್ಪದು.

ಸೂಪರ್ ಮಾರ್ಕೆಟ್ಟಿನ ಸಿಕಂದರ್ ಚಾಚಾನ ಅಂಗಡಿಯಿಂದ ಮೊದಲ ಜೋಡಿ ತಂದ ದಿನ ಅವ್ವ ಹೌಹಾರಿದ್ದಳು. “ನಮ್ಮ ಮನ್ಯಾಗ ಮೀನಾ?”

“ತಿನ್ಲಾಕಲ್ಲವ್ವಾ, ನೋಡ್ಲಾಕ” ಎಂದು ಸಮಾಧಾನ ಮಾಡಿದವಳು ನೀನೇ. ಹೆತ್ತ ಮರಿಗಳನ್ನು ತಾಯಿಯೇ ನುಂಗುತ್ತದೆಂದು ಗೊತ್ತಾದಾಗ, ನೀನು ಅವ್ವನ ಅಕ್ಕಿ ತೊಳೆಯುವ ತೂತಿನ ಬುಟ್ಟಿಯನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಬಸುರಿ ಮೀನನ್ನು ಅದರೊಳಗಿಟ್ಟೆ. ಮರಿಗಳು ತೂತಿನಿಂದ ನುಸುಳಿ ಬದುಕಿದವು. ಬುಟ್ಟಿ ಹುಡುಕುತ್ತ ಬಂದ ಅವ್ವ ನಮ್ಮಿಬ್ಬರನ್ನು ಬದುಕಗೊಡಲಿಲ್ಲ.

ಮದುವೆಯಾಗಿ ಹೊರಟಾಗ ನೀನು ಹಾರ್ಲಿಕ್ಸ್ ಬಾಟಲಿಯಲ್ಲಿ ಒಂದೇ ಹೆಣ್ಣು ಮೀನು ಹಾಕಿಕೊಂಡೆ. “ಜೋಡಿ ಇಲ್ಲೇ ಇರ್ಲಿ, ನನಗ ಒಂದೇ ಸಾಕು” ಎಂದೆ. ಆಮೇಲೆ ಕಮಲಾಪುರದಿಂದ ಸುದ್ದಿ ಬಂತು: ಸೊಸೆ ಮಾತಾಡುವುದಿಲ್ಲ, ನಗುವುದಿಲ್ಲ. ಅವ್ವ ನನ್ನನ್ನು ಅಟ್ಟಿದಳು. “ಹೋಗಿ ನೋಡು. ನಗ್ಲಿಲ್ಲಂದ್ರ ಕರ್ಕೊಂಡೇ ಬಾ.”

ನಾನು ಬಂದಾಗ ದನ ನೀರು ಕುಡಿಯುವ ಕಲ್ಲಿನ ಬಾನಿಯ ಸುತ್ತ ಮನೆಮಂದಿಯೆಲ್ಲ ಬಗ್ಗಿ ನಿಂತಿದ್ದರು. ನೀರಿನ ತುಂಬ ನಿನ್ನ ಮೀನಿನ ಮರಿಗಳು, ಜೀರಿಗೆಗೆ ಕಣ್ಣು ಮೂಡಿದಂತೆ. ನಿನ್ನ ಅತ್ತೆ ಗುಂಡಮ್ಮ ಸೊಂಟಕ್ಕೆ ಕೈಯಿಟ್ಟು, “ಏನವ್ವಾ, ಗಂಡೇ ಇಲ್ಲ, ಇಷ್ಟು ಮಂದಿ ಎಲ್ಲಿಂದ ಬಂದ್ರು?” ಎಂದರು.

ನೀನು ತಲೆ ಎತ್ತಲಿಲ್ಲ. “ತವರಿಂದ ಹೊಟ್ಟ್ಯಾಗ ಇಟ್ಕೊಂಡೇ ಬಂದಾಳ್ರೀ ಅತ್ತಿ. ಬರಿಗೈಲೆ ಬಂದಾಳಂತ ತಿಳೀಬ್ಯಾಡ್ರಿ.”

ಗುಂಡಮ್ಮ ಮೊದಲು ನಕ್ಕರು. ಆಮೇಲೆ ನೀನು. ನಾನು ನಿಮ್ಮ ತೋಟದ ಕೆಂಪು ಬಾಳೆಹಣ್ಣಿನ ಗೊನೆ ಹೊತ್ತು ಒಬ್ಬನೇ ಬಸ್ಸು ಹತ್ತಿದೆ.

ಒಮ್ಮೆ ಕೂಡಿದ ಹೆಣ್ಣು ಗಪ್ಪಿ ತಿಂಗಳುಗಟ್ಟಲೆ ಒಂಟಿಯಾಗಿದ್ದರೂ ಮರಿ ಹಾಕುತ್ತದೆಂದು ಸಿಕಂದರ್ ಚಾಚಾ ಆಮೇಲೆ ಹೇಳಿದ. ನಿನಗೆ ಮೊದಲೇ ಗೊತ್ತಿತ್ತೇ ಅಕ್ಕಾ? ಇಷ್ಟು ವರ್ಷ ಕೇಳಲೇ ಇಲ್ಲ.

ಅವ್ವ ಹೋದ ಮೇಲೆ ನೀನು ಈ ಹೊಸ್ತಿಲು ತುಳಿದಿಲ್ಲ. “ಅವ್ವ ಇಲ್ಲದ ಮನಿಗಿ ಏನಂತ ಬರ್ಲೋ” ಅಂದಿದ್ದೆ. ಆ ಮಾತಿಗೆ ನನ್ನಲ್ಲಿ ಪ್ರಾಸ ಹುಟ್ಟಲಿಲ್ಲ. ಈಗ ತೊಟ್ಟಿ ತೊಳೆದು ನೀರು ತುಂಬಿಟ್ಟಿದ್ದೇನೆ. ಅವ್ವನ ಬುಟ್ಟಿಯೂ ಇದೆ, ಬಯ್ಯುವವರಿಲ್ಲ. ಆ ಬಾನಿಯಿಂದ ಒಂದು ಮೀನು ಹಿಡಿದುಕೊಂಡು ಬಾ. ಜೋಡಿ ಬೇಡ. ಒಂದೇ ಸಾಕು, ಹೆಣ್ಣು.

ನಿನ್ನ ಬಾನಿ ಬತ್ತದಿರಲಿ, ಬಾಳೆ ಬಾಡದಿರಲಿ. ಪ್ರಾಸ ಹಿಂದಿನಷ್ಟೇ ಕೆಟ್ಟದ್ದು, ಹಾರೈಕೆ ಗಟ್ಟಿ.

ಬಸ್ಸಿನ ದಾರಿ ನೋಡುವ ನಿನ್ನ ತಮ್ಮ,
ಅಮೋಘ