ಎರಡನೆಯ ಫಿಲಂ

ಕತ್ತಲೆರಾಯ,

ಎಕ್ಸ್‌ರೇ ತೊಳೆಯುವ ಕತ್ತಲೆಕೋಣೆಯಲ್ಲೇ ಇರುತ್ತಿದ್ದ ನಿನಗೆ ಈ ಹೆಸರಿಟ್ಟವಳು ನಾನೇ. ಈಗ ಎಲ್ಲಿದ್ದೀಯೋ ಮಾರಾಯ, ಗೊತ್ತಿಲ್ಲ. ಇವತ್ತು ನಮ್ಮ ಆಪರೇಷನ್ ಥಿಯೇಟರಿಗೆ ಹೊಸ ಎಕ್ಸ್‌ರೇ ಯಂತ್ರ ಬಂತು. ಅಜ್ಜಿಯೊಬ್ಬರ ಮುರಿದ ಸೊಂಟದ ಮೂಳೆಯೊಳಗೆ ತಂತಿ ಇಳಿಯುವುದು ಪರದೆಯ ಮೇಲೆ ಆಗಿಂದಾಗಲೇ ಕಂಡಿತು.

"ಮುಂಚೆ ಹೇಗೆ ಮಾಡ್ತಿದ್ರಿ ಸಿಸ್ಟರ್?" ಎಂದು ಕಿರಿಯ ಡಾಕ್ಟರು ಕೇಳಿದರು. ಆಗ ಡಾಕ್ಟರು ಅಂದಾಜಿನಲ್ಲೇ ತಂತಿ ತೂರಿಸಿ ಕಾಯುತ್ತಿದ್ದುದು, ನೀನು ಫಿಲಂ ತೊಳೆದು ನೀರು ಸೋರುತ್ತಿದ್ದಂತೆಯೇ ಓಡಿ ತರುತ್ತಿದ್ದುದು, ನಾನು ಅದನ್ನು ದೀಪಕ್ಕೆ ಹಿಡಿದ ಮೇಲಷ್ಟೇ ಅವರು ತಂತಿಯ ಜಾಡಿನಲ್ಲಿ ಮೂಳೆಗೆ ಮೊಳೆ ಹೊಡೆಯುತ್ತಿದ್ದುದು, ಎಲ್ಲ ಹೇಳಿದೆ. ನಕ್ಕರು.

"ಫಿಲಂ ಅದಲುಬದಲಾಗ್ತಿರ್ಲಿಲ್ವಾ?"

"ಒಂದೇ ಸಲ," ಎಂದೆ.

ಆ ದಿನ ಒಬ್ಬ ಹೆಂಗಸಿನ ಸೊಂಟಕ್ಕೆ ತೂರಿಸಿದ ತಂತಿ ಮೊದಲನೆಯ ಫಿಲಂನಲ್ಲಿ ಓರೆಯಾಗಿ ಕಂಡಿತ್ತು; ಅದನ್ನು ಸರಿಪಡಿಸಿದ ಮೇಲೆ ನೀನು ತಂದ ಎರಡನೆಯ ಫಿಲಂನಲ್ಲಿ ಸರಿಯಾಗಿಯೇ ಇತ್ತು. ಗಡಿಬಿಡಿಯಲ್ಲಿ ನಾನು ಮೊದಲನೆಯದನ್ನೇ ಮತ್ತೆ ಹಿಡಿದೆ. ಅದನ್ನು ನಂಬಿ ದೊಡ್ಡ ಡಾಕ್ಟರು ತಂತಿಯನ್ನು ಇನ್ನಷ್ಟು ಸರಿಸಿ ಮೊಳೆ ಹೊಡೆದರು. ಆ ಹೆಂಗಸು ಮತ್ತೆ ನಡೆಯಲಿಲ್ಲ. ವಿಚಾರಣೆಯ ದಿನ ನೀನು ನನ್ನ ಮುಖ ನೋಡಿದೆ, ನಾನು ನೆಲ ನೋಡಿದೆ. ತಪ್ಪು ಫಿಲಂ ತಂದವನು ನೀನೆಂದು ನಿನ್ನ ಕೆಲಸ ಹೋಯಿತು.

"ಯಾರ ತಪ್ಪು ಸಿಸ್ಟರ್?" ಎಂದರು ಕಿರಿಯ ಡಾಕ್ಟರು.

ಮುಂದಿನ ತಿಂಗಳು ನನ್ನ ನಿವೃತ್ತಿ. ಹೆದರುವಂಥದ್ದೇನೂ ಉಳಿದಿಲ್ಲ. ಕೈ ಒರೆಸಿಕೊಳ್ಳುತ್ತಾ ಹೇಳಿದೆ:

"ಪಾಪ, ಕತ್ತಲೆಕೋಣೆಯವನದ್ದು."