ಗಾಜುಗಣ್ಣನ ಕೊನೆಯ ಹಾಳೆಗಳು

ಹಾಸ್ಟೆಲ್, ಕೋಣೆ ೨೩
ಸೆಪ್ಟೆಂಬರ್ ೧೪, ಭಾನುವಾರ

ಪ್ರೀತಿಯ ಅಪ್ಪಾ,

ನಮಸ್ಕಾರ. ಮೂರು ವಾರದಿಂದ ಕಾಗದ ಬರೆದಿಲ್ಲ, ಬೈದುಬಿಡಿ. ಟೆಸ್ಟ್ ಇತ್ತು ಅನ್ನಬಹುದಿತ್ತು, ಆದರೆ ಅದು ಮುಗಿದೇ ಹತ್ತು ದಿನವಾಯಿತು. ನಿಮ್ಮ ಸೊಂಟನೋವು ಹೇಗಿದೆ? ನಡುನಡುವೆ ಕತ್ತರಿ ಕೆಳಗಿಟ್ಟು ಕೂರುತ್ತಿದ್ದೀರಿ ತಾನೇ?

ಇಲ್ಲಿ ಹಳೆಯ ಕಾಮಿಕ್ಸ್‌ಗಳ ಎಕ್ಸಿಬಿಷನ್ ಆಯಿತು. ನಮ್ಮ ಕಟಿಂಗ್ ಶಾಪಿನ ಬೆಂಚಿನ ಮೇಲಿದ್ದ ಗಾಜುಗಣ್ಣನ ಹನ್ನೊಂದು ಪುಸ್ತಕ ತಂದಿದ್ದೆನಲ್ಲ, ಅವನ್ನೂ ಇಟ್ಟೆ. ನೀಲಿ ಮುಸುಕು ತೊಟ್ಟು ಗೋಡೆಯಾಚೆ ನೋಡುವ ಪತ್ತೇದಾರನನ್ನು ಇಲ್ಲಿ ಯಾರೂ ಕಂಡೇ ಇರಲಿಲ್ಲ. ಸೀನಿಯರ್ ಒಬ್ಬಳು ಗ್ಲೌಸ್ ಹಾಕಿಕೊಂಡು ಪುಟ ತಿರುವಿದಳು. ನನಗೆ ಒಳಗೊಳಗೇ ಜಂಬ. ಅವಳು ಪುಸ್ತಕದ ಕೊನೆಗೆ ಬಂದಳು.

"ಅಯ್ಯೋ, ಲಾಸ್ಟ್ ಪೇಜೇ ಇಲ್ಲ! ಇದರಲ್ಲೂ ಇಲ್ಲ! ಕೊಲೆ ಮಾಡಿದ್ದು ಯಾರು ಅಂತ ಈಗ ಯಾರನ್ನ ಕೇಳೋಣ? ಯಾವ ಪುಣ್ಯಾತ್ಮ ಕಣೇ ಹರಿದಿದ್ದು?"

ಎಲ್ಲರೂ ನಕ್ಕರು. ನಾನು ಹೇಳಬಹುದಿತ್ತು. ಕಾಯುವ ಗಿರಾಕಿ ಎದ್ದುಹೋಗಬಾರದೆಂದು ನೀವು ಕೊನೆಯ ಹಾಳೆ ಬಿಡಿಸಿ ಕನ್ನಡಿ ಕೆಳಗಿನ ಡ್ರಾಯರಿನಲ್ಲಿಡುತ್ತಿದ್ದುದನ್ನು, ಕಟಿಂಗ್ ಮುಗಿದ ಮೇಲೆ "ತಗೊಳ್ಳಿ ಸ್ವಾಮಿ, ಕಳ್ಳ ಸಿಕ್ಕ" ಎಂದು ಕೊಡುತ್ತಿದ್ದುದನ್ನು, ಮುಖದ ತುಂಬ ಸೋಪಿಟ್ಟುಕೊಂಡೇ ಪೋಸ್ಟ್‌ಮ್ಯಾನ್ "ಈಗ್ಲೇ ತೋರ್ಸಯ್ಯಾ" ಎಂದು ಗೋಗರೆದದ್ದನ್ನು.

"ರದ್ದಿ ಅಂಗಡೀಲಿ ಸಿಕ್ಕಿದ್ದು, ಯಾವನೋ ತಲೆಕೆಟ್ಟವನು ಹರಿದಿರಬೇಕು" ಎಂದೆ ಅಪ್ಪಾ. ಎಂಟು ವರ್ಷ ಹಾಸ್ಟೆಲ್ಲುಗಳಲ್ಲಿಟ್ಟು ನೀವು ಓದಿಸಿದ ಇಂಗ್ಲಿಷಿನಲ್ಲೇ ಹೇಳಿದೆ ಅದನ್ನು, ಒಂದೂ ತಪ್ಪಿಲ್ಲದೆ.

ಫೋನಿನಲ್ಲಿ ನಿಮಗೆ ಅರ್ಧವನ್ನೇ ಹೇಳಿದೆ, ಕೊನೆಯ ಹಾಳೆ ಎಲ್ಲಿ ಅಂತ ಕೇಳ್ತಿದ್ದಾರೆ ಎಂದು. "ಅಷ್ಟೇ ತಾನೇ ಚೂಟಿ? ತಂದ್ಕೊಡ್ತೀನಿ ಬಿಡು" ಅಂದಿರಿ. ಅಂಗಡಿ ರಜೆಯ ಮಂಗಳವಾರ ಬಂದೂಬಿಟ್ಟಿರಿ. ನಾನು ಲೈಬ್ರರಿಗೆ ಹೋಗಿದ್ದೇನೆಂದು ಗೇಟಿನವರು ಹೇಳಿದರಂತೆ. ನೀವು ಗೇಟಿನಲ್ಲಿ ಕೊಟ್ಟುಹೋದ ಲಕೋಟೆ ಕೈಸೇರಿತು. ಹನ್ನೊಂದೂ ಹಾಳೆಗಳಿವೆ, ಮೂಲೆಯಲ್ಲಿ ನೀವು ಪೆನ್ಸಿಲ್ಲಿನಲ್ಲಿ ಬರೆದ ನಂಬರುಗಳಿವೆ, ಒಂದಕ್ಕೆ ಯಾರದೋ ತುಂಡು ಕೂದಲು ಅಂಟಿದೆ. ಇನ್ನೂ ಪುಸ್ತಕಗಳಿಗೆ ಸೇರಿಸಿಲ್ಲ. ಮುಟ್ಟಲು ಕೈ ಬರುತ್ತಿಲ್ಲ.

ಅಮ್ಮನಿಗೆ ಪ್ರೀತಿ ತಿಳಿಸಿ. ನಿಮ್ಮ ಸೊಂಟ ಬೇಗ ನೆಟ್ಟಗಾಗಲಿ, ನಿಮ್ಮ ಕೈ ಎಂದೂ ನಡುಗದಿರಲಿ. ನನಗೆ ಆಶೀರ್ವಾದ ಮಾಡಿ ಎಂದು ಮಾತ್ರ ಈ ಸಲ ಕೇಳಲಾರೆ.

ನಿಮ್ಮ
ಚೂಟಿ

ತಾ.ಕ.: ನಾನು ಲೈಬ್ರರಿಯಲ್ಲಿರಲಿಲ್ಲ. ಮೇಲಿನ ಕಿಟಕಿಯ ಪರದೆ ಹಿಂದೆ ನಿಂತಿದ್ದೆ, ಆ ಸೀನಿಯರ್ ನನ್ನ ಕೋಣೆಯಲ್ಲೇ ಇದ್ದಳು. ಇಲ್ಲ ಅನ್ನಿ ಎಂದು ಗೇಟಿಗೆ ಹೇಳಿಕಳಿಸಿದವಳು ನಾನೇ. ಆ ಸೊಂಟ ಇಟ್ಟುಕೊಂಡು ಒಂದು ಗಂಟೆ ಬಿಸಿಲಲ್ಲಿ ನಿಂತಿರಿ. ಹೊರಡುವಾಗ ತಲೆಯೆತ್ತಿ ಅದೇ ಕಿಟಕಿ ನೋಡಿದಿರಿ, ಗಿರಾಕಿಗೆ ಹಾಳೆ ಕೊಡುವಾಗ ನಗುತ್ತೀರಲ್ಲ, ಹಾಗೆ ನಕ್ಕಿರಿ. ನಿಮಗೆ ಕಂಡೆನೇ ಅಪ್ಪಾ?